ಫೋನ್‌ನಲ್ಲೂ ಲಿನಕ್ಸ್, ಲ್ಯಾಪ್‌ಟಾಪ್‌ನಲ್ಲೂ ಲಿನಕ್ಸ್: ಒಂದರ ಸಾಫ್ಟ್‌ವೇರ್ ಇನ್ನೊಂದರಲ್ಲಿ ಏಕೆ ಓಡುವುದಿಲ್ಲ?

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ಬಗೆಯ ಮಾತುಗಳನ್ನು ನೀವೂ ನೋಡಿರಬಹುದು.

ಒಂದು: 'ಲಿನಕ್ಸ್ ಎಲ್ಲ ಕಂಪ್ಯೂಟರ್‌ನಲ್ಲೂ ನಡೆಯುತ್ತದೆ. ಲಿನಕ್ಸ್ ಸಾಫ್ಟ್‌ವೇರ್ ಒಂದು ಸಲ ಡೌನ್‌ಲೋಡ್ ಮಾಡಿಕೊಂಡರೆ ಯಾವುದಕ್ಕೆ ಬೇಕಾದರೂ ಹಾಕಬಹುದು.'

ಎರಡು: 'ಬೋರ್ಡ್‌ನಲ್ಲಿ ಸಾಫ್ಟ್‌ವೇರ್ ತೆರೆಯುತ್ತಿಲ್ಲ ಎಂದರೆ ಅದು ಡುಪ್ಲಿಕೇಟ್ ಮಾಲು.'

ಮೂರು: 'ನಮ್ಮದೇ ವಿಕ್ರಮ್ ಚಿಪ್ ಬಂದಿದೆ. ಇನ್ನು ಮೊಬೈಲ್‌ಗೂ ಕಂಪ್ಯೂಟರ್‌ಗೂ ವಿದೇಶಿ ಚಿಪ್ ಬೇಡವೇ ಬೇಡ.'

ಮೂರರಲ್ಲೂ ಒಂದಿಷ್ಟು ನಿಜವಿದೆ, ಅದರ ಜೊತೆಗೆ ತಪ್ಪೂ ಬೆರೆತಿದೆ. ಈ ತಪ್ಪನ್ನು ನಂಬಿ ಚೆನ್ನಾಗಿರುವ ಕಂಪ್ಯೂಟರನ್ನು ಗುಜರಿಗೆ ಹಾಕುವವರಿದ್ದಾರೆ. ಎಲ್ಲೋ ಸಿಕ್ಕ ಎಪಿಕೆ ಕಡತವನ್ನು ಫೋನ್‌ಗೆ ಹಾಕಿಕೊಂಡು ತೊಂದರೆಗೆ ಸಿಗುವವರೂ ಇದ್ದಾರೆ. ಹಾಗಾಗಿ ವಿಷಯವನ್ನು ಬುಡದಿಂದ ನೋಡೋಣ.

ಚಿಪ್‌ಗೂ ಒಂದು ಭಾಷೆ ಇದೆ

ಬೀದರ್ ಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ಕನ್ನಡ, ಉರ್ದು, ಮರಾಠಿ, ತೆಲುಗು, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಔರಾದ್ ಕಡೆ ಹೋದರೆ ಮರಾಠಿ ಇನ್ನಷ್ಟು ಹೆಚ್ಚು. ಹೇಳುವ ವಿಷಯ ಒಂದೇ ಇರಬಹುದು, 'ಎರಡು ಕಿಲೋ ತೊಗರಿ ಕೊಡಿ' ಎಂದು. ಆದರೆ ಮರಾಠಿ ಮಾತ್ರ ಬಲ್ಲವರ ಮುಂದೆ ಅದನ್ನು ಕನ್ನಡದಲ್ಲಿ ಎಷ್ಟು ಜೋರಾಗಿ ಹೇಳಿದರೂ ತೊಗರಿ ಬರುವುದಿಲ್ಲ.

ಕಂಪ್ಯೂಟರ್ ಮತ್ತು ಫೋನ್‌ನೊಳಗಿನ ಪ್ರೊಸೆಸರ್ ಚಿಪ್‌ಗಳ ಕತೆಯೂ ಹೀಗೆಯೇ. 'ಈ ಎರಡು ಸಂಖ್ಯೆ ಕೂಡಿಸು', 'ಇದನ್ನು ಮೆಮೊರಿಯಲ್ಲಿಡು' ಎಂಬ ಆದೇಶಗಳನ್ನು ಚಿಪ್‌ಗೆ ಸಂಖ್ಯೆಗಳ ರೂಪದಲ್ಲಿ ಕೊಡಬೇಕು. ಯಾವ ಸಂಖ್ಯೆಗೆ ಯಾವ ಅರ್ಥ ಎಂಬ ಪಟ್ಟಿಯೇ ಆ ಚಿಪ್‌ನ ಭಾಷೆ. ತಂತ್ರಜ್ಞರು ಇದನ್ನು ಇನ್‌ಸ್ಟ್ರಕ್ಷನ್ ಸೆಟ್ ಅಥವಾ ಆರ್ಕಿಟೆಕ್ಚರ್ ಎನ್ನುತ್ತಾರೆ.

ಹೆಚ್ಚಿನ ಲ್ಯಾಪ್‌ಟಾಪ್ ಮತ್ತು ಡೆಸ್ಕ್‌ಟಾಪ್‌ಗಳಲ್ಲಿರುವ ಇಂಟೆಲ್, ಎಎಂಡಿ ಚಿಪ್‌ಗಳ ಭಾಷೆ ಎಕ್ಸ್86. ಇವತ್ತಿನ ಬಹುತೇಕ ಎಲ್ಲ ಸ್ಮಾರ್ಟ್‌ಫೋನ್‌ಗಳ ಭಾಷೆ ಆರ್ಮ್. ಹೊಸದಾಗಿ ಹೆಸರು ಮಾಡುತ್ತಿರುವುದು ರಿಸ್ಕ್-ಫೈವ್. ಇವಲ್ಲದೆ ಐಬಿಎಂನ ಪವರ್, ದೊಡ್ಡ ಬ್ಯಾಂಕ್‌ಗಳ ಮೇನ್‌ಫ್ರೇಮ್‌ಗಳಲ್ಲಿರುವ ಎಸ್390ಎಕ್ಸ್, ಹಳೆಯ ರೌಟರ್‌ಗಳಲ್ಲಿ ಕಾಣಿಸುವ ಮಿಪ್ಸ್ ಹೀಗೆ ಇನ್ನೂ ಹಲವು ಇವೆ.

ಆಂಡ್ರಾಯ್ಡ್‌ನ ಬುಡದಲ್ಲಿರುವುದು ಲಿನಕ್ಸ್ ಕರ್ನಲ್. ಅಂದರೆ ಈ ಲೇಖನವನ್ನು ನೀವು ಆಂಡ್ರಾಯ್ಡ್ ಫೋನ್‌ನಲ್ಲಿ ಓದುತ್ತಿದ್ದರೆ ನಿಮ್ಮ ಕೈಯಲ್ಲಿರುವುದು ಆರ್ಮ್ ಚಿಪ್ ಮೇಲೆ ನಡೆಯುತ್ತಿರುವ ಲಿನಕ್ಸ್. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯಲು ಶುರು ಮಾಡಿದ್ದು ಇಂಟೆಲ್ 386 ಚಿಪ್‌ಗಾಗಿ ಮಾತ್ರ. ಬೇರೆ ಚಿಪ್‌ಗೆ ಅದು ಹೋಗುತ್ತದೆಂಬ ನಂಬಿಕೆ ಆಗ ಅವರಿಗೇ ಇರಲಿಲ್ಲ. ಇವತ್ತು ಅದು ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಫೋನ್‌ಗಳಲ್ಲಿ, ಅಂದರೆ ಬೇರೆ ಭಾಷೆಯ ಚಿಪ್‌ಗಳಲ್ಲಿಯೇ.

'ಎಕ್ಸೆಕ್ ಫಾರ್ಮ್ಯಾಟ್ ಎರರ್' ಬಂದರೆ ಬೋರ್ಡ್ ಕೆಟ್ಟಿದೆಯೇ?

ಭಾಲ್ಕಿಯ ಡಿಪ್ಲೊಮಾ ವಿದ್ಯಾರ್ಥಿಯೊಬ್ಬರು ಪ್ರಾಜೆಕ್ಟ್‌ಗೆಂದು ರಾಸ್‌ಬೆರ್ರಿ ಪೈ ಬೋರ್ಡ್ ತರಿಸಿಕೊಂಡಿದ್ದಾರೆ ಎಂದುಕೊಳ್ಳಿ. ಅದರಲ್ಲಿರುವುದು ಆರ್ಮ್ ಚಿಪ್. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಲಿನಕ್ಸ್ ಪ್ರೋಗ್ರಾಮನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದರು. ಪರದೆ ಮೇಲೆ ಬಂದದ್ದು ಒಂದೇ ಸಾಲು: 'ಎಕ್ಸೆಕ್ ಫಾರ್ಮ್ಯಾಟ್ ಎರರ್'. ಬೋರ್ಡ್ ಕೆಟ್ಟಿದೆ, ಅಂಗಡಿಯವರು ಮೋಸ ಮಾಡಿದರು ಎಂಬ ಅನುಮಾನ ಬರುವುದು ಸಹಜ.

ಬೋರ್ಡ್ ಕೆಟ್ಟಿಲ್ಲ. ಲಿನಕ್ಸ್‌ನ ಪ್ರತಿ ಪ್ರೋಗ್ರಾಂ ಕಡತದ ಆರಂಭದಲ್ಲಿ ಒಂದು ಗುರುತು ಇರುತ್ತದೆ, 'ನಾನು ಯಾವ ಚಿಪ್‌ನ ಭಾಷೆಯಲ್ಲಿದ್ದೇನೆ' ಎಂದು ಹೇಳುವ ಸಂಖ್ಯೆ. ಹಳೆಯ 32 ಬಿಟ್ ಇಂಟೆಲ್‌ಗೆ 3, ಇಂದಿನ 64 ಬಿಟ್ ಇಂಟೆಲ್ ಮತ್ತು ಎಎಂಡಿಗೆ 62, 32 ಬಿಟ್ ಆರ್ಮ್‌ಗೆ 40, 64 ಬಿಟ್ ಆರ್ಮ್‌ಗೆ 183, ರಿಸ್ಕ್-ಫೈವ್‌ಗೆ 243. ಲಿನಕ್ಸ್ ಮೊದಲು ಆ ಸಂಖ್ಯೆಯನ್ನು ನೋಡುತ್ತದೆ. 183ರ ಬೋರ್ಡ್‌ಗೆ 62ರ ಕಡತ ಕೊಟ್ಟರೆ 'ಇದು ನನ್ನ ಭಾಷೆಯಲ್ಲ' ಎಂದು ಅಲ್ಲಿಯೇ ನಿಲ್ಲಿಸುತ್ತದೆ. ಬಸ್ಸಿನ ಬೋರ್ಡ್ ನೋಡಿ ಹತ್ತದೆ ಇರುವ ಹಾಗೆ. ಹತ್ತಿ ತಪ್ಪು ಊರಿಗೆ ಹೋಗುವುದಕ್ಕಿಂತ ಇದು ವಾಸಿ.

ಇದರಿಂದ ಮೇಲಿನ ಎರಡನೇ ಮಾತು ಬಿದ್ದುಹೋಗುತ್ತದೆ. ಈ ಎರರ್ ಹೆಚ್ಚಿನ ಸಲ ಹೇಳುವುದು ತಂದ ಕಡತ ಬೇರೆ ಚಿಪ್‌ನದ್ದು ಎಂದಷ್ಟೇ. ಬೋರ್ಡ್ ಅಸಲಿಯೋ ನಕಲಿಯೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಲಿನಕ್ಸ್ ಎಲ್ಲ ಕಡೆ ನಡೆಯುವುದು ಹೇಗೆ?

ರೊಟ್ಟಿ ಮತ್ತು ಜೋಳ ಬೇರೆ ಬೇರೆ ಅಲ್ಲವೇ? ತಟ್ಟಿ ಸುಟ್ಟ ರೊಟ್ಟಿಯನ್ನು ಮತ್ತೆ ಅಂಬಲಿ ಮಾಡಲಾಗದು. ಜೋಳವೇ ಕೈಯಲ್ಲಿದ್ದರೆ ರೊಟ್ಟಿಯನ್ನೂ ಮಾಡಬಹುದು, ಅಂಬಲಿಯನ್ನೂ ಮಾಡಬಹುದು, ಮುಂದಿನ ವರ್ಷಕ್ಕೆ ಬಿತ್ತನೆಗೂ ಇಡಬಹುದು.

ಡೌನ್‌ಲೋಡ್ ಮಾಡಿದ ಕೂಡಲೇ ನಡೆಯುವ ಪ್ರೋಗ್ರಾಂ ರೊಟ್ಟಿ ಇದ್ದಂತೆ. ಅದು ಒಂದು ಚಿಪ್‌ನ ಭಾಷೆಗೆ ಸಿದ್ಧವಾಗಿಬಿಟ್ಟಿದೆ. ಅದರ ಹಿಂದೆ ಮನುಷ್ಯರು ಸಿ, ರಸ್ಟ್, ಗೋ ಮುಂತಾದ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರೆದ ಪಠ್ಯ ಇರುತ್ತದೆ. ಅದೇ ಸೋರ್ಸ್ ಕೋಡ್, ಅದೇ ಜೋಳ. ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಂ ಈ ಪಠ್ಯವನ್ನು ಓದಿ ಯಾವ ಚಿಪ್‌ಗೆ ಬೇಕೋ ಆ ಭಾಷೆಯ ಕಡತ ಮಾಡಿಕೊಡುತ್ತದೆ.

ಲಿನಕ್ಸ್ ಮತ್ತು ಅದರ ಜೊತೆಗಿನ ಬಹುಪಾಲು ತಂತ್ರಾಂಶಗಳ ಸೋರ್ಸ್ ಕೋಡ್ ಯಾರು ಬೇಕಾದರೂ ಪಡೆಯುವಂತೆ ಮುಕ್ತವಾಗಿದೆ. ಹಾಗಾಗಿ ಹೊಸ ಚಿಪ್ ಬಂದಾಗ ಮೂಲ ಬರೆದವರ ಅನುಮತಿಗೆ ಕಾಯಬೇಕಿಲ್ಲ. ಕಂಪೈಲರ್ ಸಿದ್ಧವಾದರೆ ಉಳಿದದ್ದನ್ನು ಒಂದೊಂದಾಗಿ ಕಟ್ಟುತ್ತಾ ಹೋಗಬಹುದು. 'ಲಿನಕ್ಸ್ ಎಲ್ಲ ಕಡೆ ನಡೆಯುತ್ತದೆ' ಎಂಬ ಮೊದಲನೇ ಮಾತಿನಲ್ಲಿರುವ ನಿಜ ಇದು. ಎಲ್ಲ ಕಡೆ ನಡೆಯುವುದು ಸೋರ್ಸ್ ಕೋಡ್, ಒಂದೇ ಕಡತವಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಡೆಬಿಯನ್. ಪ್ರಪಂಚದ ಸ್ವಯಂಸೇವಕರು ಸೇರಿ ನಡೆಸುವ ಈ ಲಿನಕ್ಸ್ ವಿತರಣೆಯ 13ನೇ ಆವೃತ್ತಿ 2025ರ ಆಗಸ್ಟ್ 9ರಂದು ಹೊರಬಂತು. ಅದರಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿದ್ದು, 7 ಆರ್ಕಿಟೆಕ್ಚರ್‌ಗಳಿಗೆ ಬೆಂಬಲವಿದೆ. 64 ಬಿಟ್ ರಿಸ್ಕ್-ಫೈವ್‌ಗೆ ಡೆಬಿಯನ್‌ನ ಅಧಿಕೃತ ಬೆಂಬಲ ಸಿಕ್ಕಿದ್ದು ಈ ಆವೃತ್ತಿಯಲ್ಲೇ ಮೊದಲು. ಲಿನಕ್ಸ್ ಕರ್ನಲ್ ಮಾತ್ರ 2018ರ ಜನವರಿಯಲ್ಲೇ ರಿಸ್ಕ್-ಫೈವ್ ಬೆಂಬಲ ಸೇರಿಸಿಕೊಂಡಿತ್ತು. ಅಂದರೆ ಕರ್ನಲ್ ಸಿದ್ಧವಾದ ಮೇಲೂ ಮಿಕ್ಕ ಸಾವಿರಾರು ತಂತ್ರಾಂಶಗಳನ್ನು ಕಟ್ಟಿ, ಪರೀಕ್ಷಿಸಿ, ಅಧಿಕೃತ ಎನ್ನುವುದಕ್ಕೆ 7 ವರ್ಷಕ್ಕೂ ಹೆಚ್ಚು ಹಿಡಿಯಿತು. ಗುಂಡಿ ಒತ್ತಿದರೆ ಆಗುವ ಕೆಲಸ ಇದಲ್ಲ.

ಕಟ್ಟುವ ಮೂರು ದಾರಿಗಳು

ಅಪರೂಪದ ಚಿಪ್ ಇರುವ ಯಂತ್ರಕ್ಕೆ ಸಾಫ್ಟ್‌ವೇರ್ ಒದಗಿಸಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಆ ಯಂತ್ರದಲ್ಲೇ ಕಟ್ಟುವುದು. ಸೋರ್ಸ್ ಕೋಡ್ ತಂದು, ಅಲ್ಲಿಯೇ ಕಂಪೈಲರ್ ನಡೆಸುವುದು. ಇದು ನೇರ ದಾರಿ. ಆದರೆ ಸಣ್ಣ ಬೋರ್ಡ್‌ಗಳಲ್ಲಿ ಮೆಮೊರಿ ಕಡಿಮೆ. ಬ್ರೌಸರ್‌ನಂಥ ದೊಡ್ಡ ತಂತ್ರಾಂಶ ಕಟ್ಟಲು ಹೊರಟರೆ ಇಡೀ ದಿನ ಕಾದರೂ ಮೆಮೊರಿ ಸಾಲದೆ ನಡುವೆ ನಿಲ್ಲಬಹುದು.

ಎರಡನೆಯದು, ಬೇರೆ ಯಂತ್ರದಲ್ಲಿ ಕಟ್ಟಿ ತರುವುದು. ಇದಕ್ಕೆ ಕ್ರಾಸ್ ಕಂಪೈಲಿಂಗ್ ಎಂದು ಹೆಸರು. ಔರಾದಿನಲ್ಲಿರುವವರ ಅಳತೆ ಬರೆದುಕೊಂಡು ಬೀದರ್‌ನ ದರ್ಜಿ ಅಂಗಿ ಹೊಲಿದು ಕಳಿಸುವ ಹಾಗೆ. ದರ್ಜಿಗೆ ಆ ಅಂಗಿ ಹಿಡಿಸಬೇಕಿಲ್ಲ, ಅಳತೆ ಸರಿಯಿದ್ದರೆ ಸಾಕು. ವೇಗದ ಇಂಟೆಲ್ ಕಂಪ್ಯೂಟರಿನಲ್ಲಿ ರಿಸ್ಕ್-ಫೈವ್ ಕಡತ ತಯಾರಾಗುತ್ತದೆ, ಆ ಕಂಪ್ಯೂಟರಿನಲ್ಲಿ ಅದು ನಡೆಯುವುದಿಲ್ಲ ಅಷ್ಟೇ. ತೊಡಕು ಬರುವುದು ಅಳತೆ ತಪ್ಪಿದಾಗ. ಪ್ರೋಗ್ರಾಂ ಆಶ್ರಯಿಸುವ ಲೈಬ್ರರಿಗಳೆಲ್ಲ ಆ ಚಿಪ್‌ನ ಆವೃತ್ತಿಯವೇ ಆಗಿರಬೇಕು. ಒಂದು ತುಂಡು ತಪ್ಪಿ ಇಂಟೆಲ್‌ನದ್ದು ಸೇರಿದರೂ ಅಂಗಿ ಹಿಡಿಸುವುದಿಲ್ಲ.

ಮೂರನೆಯದು, ದುಭಾಷಿಯನ್ನು ನಡುವೆ ಕೂರಿಸುವುದು. ಕ್ಯೂಇಎಂಯು ಎಂಬ ಮುಕ್ತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಫ್ರಾನ್ಸ್‌ನ ಫ್ಯಾಬ್ರಿಸ್ ಬೆಲ್ಲಾರ್ ಇದನ್ನು 2003ರಲ್ಲಿ ಹೊರತಂದರು. ಬೇರೆ ಚಿಪ್‌ನ ಆದೇಶಗಳನ್ನು ಅದು ಓಡುತ್ತಿರುವಾಗಲೇ ನಿಮ್ಮ ಚಿಪ್‌ನ ಭಾಷೆಗೆ ಅನುವಾದಿಸುತ್ತಾ ಹೋಗುತ್ತದೆ. ಕೈಯಲ್ಲಿ ರಿಸ್ಕ್-ಫೈವ್ ಬೋರ್ಡ್ ಇಲ್ಲದ ವಿದ್ಯಾರ್ಥಿಯೂ ತನ್ನ ಮಾಮೂಲಿ ಲ್ಯಾಪ್‌ಟಾಪ್‌ನಲ್ಲಿ ರಿಸ್ಕ್-ಫೈವ್ ಲಿನಕ್ಸ್ ನಡೆಸಿ ಕಲಿಯಬಹುದು, ಒಂದು ರೂಪಾಯಿಯೂ ಖರ್ಚಿಲ್ಲ. ಆದರೆ ದುಭಾಷಿ ಮೂಲಕ ಮಾತಾಡಿದರೆ ಹೊತ್ತು ಹಿಡಿಯುತ್ತದೆ. ಇದು ನೇರ ಓಟಕ್ಕಿಂತ ಹಲವು ಪಟ್ಟು ನಿಧಾನವಾಗಬಹುದು.

ಇಪ್ಪತ್ತೈದು ಮತ್ತು ಪಚ್ಚೀಸ್: ಕಟ್ಟಿದರೂ ಎಡವುವುದು ಎಲ್ಲಿ?

ಸೋರ್ಸ್ ಕೋಡ್ ಇದ್ದ ಮಾತ್ರಕ್ಕೆ ಎಲ್ಲವೂ ಸಲೀಸಲ್ಲ. ಬರೆದವರು ತಮ್ಮ ಮೇಜಿನ ಮೇಲಿದ್ದ ಚಿಪ್ ಅನ್ನೇ ಲೋಕದ ನಿಯಮ ಎಂದುಕೊಂಡಿದ್ದರೆ ಬೇರೆ ಚಿಪ್‌ನಲ್ಲಿ ತಪ್ಪು ಹೊರಬರುತ್ತದೆ.

ಬೀದರ್ ಜಿಲ್ಲೆಯವರಿಗೆ ಇದನ್ನು ಹೇಳುವುದು ಸುಲಭ. ಕನ್ನಡದಲ್ಲಿ 25 ಅನ್ನು 'ಇಪ್ಪತ್ತೈದು' ಎನ್ನುತ್ತೇವೆ, ಮೊದಲು ಇಪ್ಪತ್ತು, ಆಮೇಲೆ ಐದು. ಹಿಂದಿ, ಉರ್ದುವಿನಲ್ಲಿ 'ಪಚ್ಚೀಸ್', ಮರಾಠಿಯಲ್ಲಿ 'ಪಂಚವೀಸ್'. ಅಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಬೆಲೆ ಒಂದೇ, ಹೇಳುವ ಕ್ರಮ ಮಾತ್ರ ತಿರುಗುಮುರುಗು.

ಚಿಪ್‌ಗಳಲ್ಲೂ ಈ ಎರಡು ಪಂಗಡಗಳಿವೆ. ದೊಡ್ಡ ಸಂಖ್ಯೆಯನ್ನು ಮೆಮೊರಿಯಲ್ಲಿ ಇಡುವಾಗ ಅದನ್ನು ಬೈಟ್ ಎಂಬ ತುಂಡುಗಳಾಗಿ ಮಾಡುತ್ತಾರೆ. ಇಂಟೆಲ್ ಚಿಪ್‌ಗಳು ಸಣ್ಣ ಬೆಲೆಯ ತುಂಡನ್ನು ಮೊದಲು ಇಡುತ್ತವೆ, ಪಚ್ಚೀಸ್ ರೀತಿ. ಫೋನ್‌ಗಳ ಆರ್ಮ್ ಮತ್ತು ರಿಸ್ಕ್-ಫೈವ್ ಲಿನಕ್ಸ್ ಕೂಡ ಹೀಗೆಯೇ. ಐಬಿಎಂ ಮೇನ್‌ಫ್ರೇಮ್ ದೊಡ್ಡದನ್ನು ಮೊದಲು ಇಡುತ್ತದೆ, ಇಪ್ಪತ್ತೈದು ರೀತಿ. ಇಂಟರ್ನೆಟ್‌ನ ಮೂಲ ನಿಯಮಗಳಲ್ಲಿ ಸಂಖ್ಯೆ ಕಳಿಸುವ ಕ್ರಮವೂ ಇದೇ.

ಇದನ್ನು ಮರೆತು ಪ್ರೋಗ್ರಾಂ ಬರೆದರೆ ಏನಾಗುತ್ತದೆ? ಒಂದು ಯಂತ್ರ 258 ಎಂದು ಎರಡು ಬೈಟ್‌ಗಳಲ್ಲಿ ಬರೆದಿಟ್ಟದ್ದನ್ನು ಇನ್ನೊಂದು ಯಂತ್ರ 513 ಎಂದು ಓದುತ್ತದೆ. ಎರರ್ ಬರುವುದಿಲ್ಲ, ಪ್ರೋಗ್ರಾಂ ನಿಲ್ಲುವುದೂ ಇಲ್ಲ. ಲೆಕ್ಕ ಮಾತ್ರ ಸದ್ದಿಲ್ಲದೆ ತಪ್ಪುತ್ತದೆ. ಪ್ರೋಗ್ರಾಂ ನಿಂತುಹೋಗುವುದಕ್ಕಿಂತ ಇದು ಹೆಚ್ಚು ಅಪಾಯ.

ಇಂಥವೇ ಇನ್ನೂ ಮೂರು ಎಡವುಗಲ್ಲುಗಳಿವೆ. ಸಿ ಭಾಷೆಯಲ್ಲಿ 'ಚಾರ್' ಎಂಬ ಸಣ್ಣ ಡಬ್ಬಿಯಲ್ಲಿ ಇಂಟೆಲ್ ಲಿನಕ್ಸ್‌ನಲ್ಲಿ ಮೈನಸ್ 1 ಇಟ್ಟರೆ ಮೈನಸ್ 1 ಆಗಿಯೇ ಸಿಗುತ್ತದೆ. ಆರ್ಮ್ ಮತ್ತು ರಿಸ್ಕ್-ಫೈವ್ ಲಿನಕ್ಸ್‌ನಲ್ಲಿ ಅದೇ 255 ಆಗಿ ಹೊರಬರುತ್ತದೆ. 'ಮೈನಸ್ 1 ಬಂದಾಗ ನಿಲ್ಲು' ಎಂದು ಬರೆದ ಪ್ರೋಗ್ರಾಂ ಅಲ್ಲಿ ನಿಲ್ಲುವುದೇ ಇಲ್ಲ.

ಮೆಮೊರಿಯನ್ನು ಚಿಪ್ ಎಷ್ಟೆಷ್ಟು ದೊಡ್ಡ ಹಾಳೆಗಳಾಗಿ ಹಂಚುತ್ತದೆ ಎಂಬುದು ಎರಡನೆಯದು. ಇಂಟೆಲ್‌ನಲ್ಲಿ ಮಾಮೂಲಿ ಅಳತೆ 4 ಕೆಬಿ. ಕೆಲವು ಆರ್ಮ್ ಯಂತ್ರಗಳಲ್ಲಿ 16 ಅಥವಾ 64 ಕೆಬಿ. ಆಂಡ್ರಾಯ್ಡ್ ಫೋನ್‌ಗಳೂ ಈಗ 16 ಕೆಬಿ ಕಡೆಗೆ ಹೊರಟಿವೆ. '4 ಕೆಬಿಯೇ' ಎಂದು ಕಟ್ಟಿಟ್ಟ ಹಳೆಯ ಆ್ಯಪ್ ಅಂಥ ಫೋನ್‌ನಲ್ಲಿ ತೆರೆಯದೆ ಹೋಗಬಹುದು.

ಮೂರನೆಯದು, ವೇಗಕ್ಕಾಗಿ ಚಿಪ್‌ನ ಭಾಷೆಯಲ್ಲೇ ಕೈಯಿಂದ ಬರೆದ ಭಾಗಗಳು. ವಿಡಿಯೊ ಪ್ಲೇಯರ್ ಮತ್ತು ಬ್ರೌಸರ್‌ಗಳಲ್ಲಿ ಇವು ಹೆಚ್ಚು. ಬಿದ್ರಿ ಪಾತ್ರೆಯಲ್ಲಿ ಕೂರಿಸಿದ ಬೆಳ್ಳಿ ತಂತಿಯ ಹಾಗೆ, ಆ ಪಾತ್ರೆಗೆ ಅದು ಶೋಭೆ, ಕಿತ್ತು ಇನ್ನೊಂದಕ್ಕೆ ಹಾಕಲಾಗದು. ಹೊಸ ಚಿಪ್‌ಗೆ ಅದನ್ನು ಹೊಸದಾಗಿಯೇ ಬರೆಯಬೇಕು. ಬರೆಯುವವರೆಗೆ ವಿಡಿಯೊ ತಡವರಿಸುತ್ತದೆ. ಚಿಪ್ ದುರ್ಬಲ ಎಂದು ನಮಗನಿಸುವ ಎಷ್ಟೋ ಕಡೆ ನಿಜವಾದ ಕೊರತೆ ಈ ಕೆಲಸದ್ದು.

ಕರ್ನಾಟಕದ ಹಳೆಯ ಪಾಠ: ಸಿಂಪ್ಯೂಟರ್

ಇದೆಲ್ಲ ಹೊರದೇಶದ ಸಂಗತಿ ಎಂದುಕೊಳ್ಳಬೇಡಿ. ಸ್ಮಾರ್ಟ್‌ಫೋನ್ ಬರುವ ಮುಂಚೆಯೇ ನಮ್ಮ ರಾಜ್ಯದಲ್ಲಿ ಇದು ನಡೆದಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ರೂಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂತು. ಓದು ಬರಹ ಬಾರದವರೂ ಬಳಸುವಂತೆ ಪರದೆ ಮುಟ್ಟಿ ನಡೆಸುವುದು, ಭಾರತೀಯ ಭಾಷೆಗಳಲ್ಲಿ ಯಂತ್ರವೇ ಓದಿ ಹೇಳುವುದು, ಹಲವರು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್, ಇವೆಲ್ಲ ಅದರಲ್ಲಿದ್ದವು.

ಅದರೊಳಗಿದ್ದದ್ದು 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್, ಅದರ ಮೇಲೆ ಲಿನಕ್ಸ್. ಲಿನಕ್ಸ್ ಎಂದರೆ ಇಂಟೆಲ್ ಪಿಸಿ ಎಂದು ಹೆಚ್ಚಿನವರು ತಿಳಿದಿದ್ದ ಕಾಲ ಅದು. ಅಂಗೈಯಗಲದ ಆರ್ಮ್ ಯಂತ್ರದಲ್ಲಿ ಲಿನಕ್ಸ್ ಆಗ ಅಪರೂಪದ್ದು. ಸೋರ್ಸ್ ಕೋಡ್ ಮುಕ್ತವಾಗಿದ್ದುದರಿಂದಲೇ ಬೆಂಗಳೂರಿನ ಸಣ್ಣ ತಂಡಕ್ಕೆ ಇದು ಸಾಧ್ಯವಾಯಿತು.

2004ರ ಮಾರ್ಚ್‌ನಲ್ಲಿ ಪಿಕೋಪೆಟಾ ಕಂಪನಿ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ 'ಅಮಿಡಾ' ಹೆಸರಿನ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದವು. ಕರ್ನಾಟಕ ಸರ್ಕಾರ ಭೂ ದಾಖಲೆಗಳ ಕೆಲಸಕ್ಕೂ ಸಿಂಪ್ಯೂಟರ್ ಬಳಸಿತು. ಭಾಲ್ಕಿ, ಔರಾದ್ ಸೇರಿ ಎಲ್ಲ ತಾಲ್ಲೂಕು ಕಚೇರಿಗಳಲ್ಲಿ ಪಹಣಿಯನ್ನು ಕಂಪ್ಯೂಟರ್‌ಗೆ ತಂದ 'ಭೂಮಿ' ಯೋಜನೆಯ ಕಾಲವೇ ಅದು.

ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಆದರೆ ಅದಕ್ಕೆಂದು ರಮೇಶ್ ಹರಿಹರನ್ ರೂಪಿಸಿದ 'ಧ್ವನಿ' ಎಂಬ ಓದಿ ಹೇಳುವ ತಂತ್ರಾಂಶ ಅದರೊಂದಿಗೆ ಸಾಯಲಿಲ್ಲ. ಸೋರ್ಸ್ ಕೋಡ್ ಮುಕ್ತವಾಗಿದ್ದುದರಿಂದ ಬೇರೆಯವರು ಅದನ್ನು ಮುಂದುವರಿಸಿ ಮಾಮೂಲಿ ಲಿನಕ್ಸ್ ಕಂಪ್ಯೂಟರ್‌ಗಳಿಗೆ ತಂದರು. ಕನ್ನಡವೂ ಅದು ಓದುವ ಭಾಷೆಗಳಲ್ಲಿ ಒಂದು. ಯಂತ್ರ ಹೋದರೂ ಜೋಳ ಉಳಿದಿತ್ತು.

ಇದೇ ಮಾತು ಕನ್ನಡ ಕೀಲಿಮಣೆಗೂ ಹೊಂದುತ್ತದೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವನ್ನು ಜನ ಬಳಸುತ್ತಾ ಬಂದದ್ದು ವಿಂಡೋಸ್‌ನಲ್ಲಿ. ಆದರೆ ಅದರ ಕಗಪ ಕೀಲಿವಿನ್ಯಾಸ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಬರೀ ಪಠ್ಯವಾಗಿ ಸೇರಿದೆ, ಯಾವ ಕೀಲಿಗೆ ಯಾವ ಅಕ್ಷರ ಎಂಬುದಷ್ಟೇ. ಪಠ್ಯಕ್ಕೆ ಚಿಪ್‌ನ ಹಂಗಿಲ್ಲ. ಹಾಗಾಗಿ ಇಂಟೆಲ್ ಲ್ಯಾಪ್‌ಟಾಪ್ ಇರಲಿ, ರಾಸ್‌ಬೆರ್ರಿ ಪೈ ಇರಲಿ, ರಿಸ್ಕ್-ಫೈವ್ ಬೋರ್ಡ್ ಇರಲಿ, ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಕಗಪ ಆರಿಸಿಕೊಂಡು ಕನ್ನಡ ಟೈಪ್ ಮಾಡಬಹುದು.

ವಿಕ್ರಮ್, ಶಕ್ತಿ, ತೇಜಸ್: ನಮ್ಮ ಚಿಪ್‌ಗಳು ಏನು ಮಾಡುತ್ತವೆ?

ಈಗ ಮೂರನೇ ಮಾತಿಗೆ ಬರೋಣ. ವಿಕ್ರಮ್ 3201 ಎಂಬ ಚಿಪ್ ಇರುವುದು ನಿಜ, ಅದು ಹೆಮ್ಮೆಯ ವಿಷಯವೂ ಹೌದು. ಇಸ್ರೋದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ಮತ್ತು ಚಂಡೀಗಢದ ಸೆಮಿಕಂಡಕ್ಟರ್ ಲ್ಯಾಬೊರೇಟರಿ ಸೇರಿ ಇದನ್ನು ರೂಪಿಸಿವೆ. 2025ರ ಸೆಪ್ಟೆಂಬರ್ 2ರಂದು ಸೆಮಿಕಾನ್ ಇಂಡಿಯಾ ಸಮಾವೇಶದಲ್ಲಿ ಇದನ್ನು ಪ್ರಧಾನಿಗೆ ನೀಡಲಾಯಿತು. ಫಾರ್ವರ್ಡ್‌ಗಳಿಗೆ ಕಾವು ಬಂದದ್ದು ಆಗಲೇ.

ಆದರೆ ಇದು ರಾಕೆಟ್‌ಗಳ ಹಾರಾಟ ನಿಯಂತ್ರಣಕ್ಕೆಂದು ಮಾಡಿದ 32 ಬಿಟ್ ಚಿಪ್. ಮೈನಸ್ 55ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆದುಕೊಳ್ಳುವುದು, ಎಂದೂ ಕೈಕೊಡದಿರುವುದು ಅದರ ಗುಣ. ವೇಗ ಅಲ್ಲಿ ಮುಖ್ಯವಲ್ಲ. ಅದರ ಆದೇಶಗಳ ಭಾಷೆ ಕೂಡ ಅದರದ್ದೇ, ಬರೆಯಲು ಬಳಸುವುದು ಏಡಾ ಎಂಬ ಪ್ರೋಗ್ರಾಮಿಂಗ್ ಭಾಷೆ. ತಯಾರಿಕೆ 180 ನ್ಯಾನೊಮೀಟರ್ ತಂತ್ರದಲ್ಲಿ. ಇಂದಿನ ಫೋನ್ ಚಿಪ್‌ಗಳು ಕೆಲವೇ ನ್ಯಾನೊಮೀಟರ್ ಎಂದು ಹೆಸರಿಸುವ ತಂತ್ರದಲ್ಲಿ ತಯಾರಾಗುತ್ತವೆ. ಇದನ್ನು ಫೋನ್‌ಗೆ ಹಾಕುತ್ತಾರೆ ಎನ್ನುವುದು ಟ್ರಾಕ್ಟರ್ ಎಂಜಿನ್ ತಂದು ಸ್ಕೂಟರ್‌ಗೆ ಕೂರಿಸುತ್ತಾರೆ ಎಂದಂತೆ. ಎರಡೂ ಒಳ್ಳೆಯವು, ಕೆಲಸ ಬೇರೆ.

ಲಿನಕ್ಸ್ ನಡೆಸಿದ ಭಾರತೀಯ ಚಿಪ್ ಬೇಕೆಂದರೆ ಐಐಟಿ ಮದ್ರಾಸ್‌ನ 'ಶಕ್ತಿ' ಕಡೆ ನೋಡಬೇಕು. ಅದು ರಿಸ್ಕ್-ಫೈವ್ ಭಾಷೆಯದ್ದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಶುರುವಾದ ರಿಸ್ಕ್-ಫೈವ್‌ನ ವಿಶೇಷವೆಂದರೆ, ಆ ಭಾಷೆಯಲ್ಲಿ ಚಿಪ್ ವಿನ್ಯಾಸ ಮಾಡಲು ಯಾರಿಗೂ ಪರವಾನಗಿ ಶುಲ್ಕ ಕೊಡಬೇಕಿಲ್ಲ. 2018ರಲ್ಲಿ ಶಕ್ತಿ ಚಿಪ್ ಮೇಲೆ ಲಿನಕ್ಸ್ ಶುರುವಾಯಿತು. ಆ ಚಿಪ್‌ನ ವಿನ್ಯಾಸ ನಮ್ಮದು, ತಯಾರಾದದ್ದು ಅಮೆರಿಕದ ಇಂಟೆಲ್ ಘಟಕದಲ್ಲಿ. ಫಾರ್ವರ್ಡ್‌ಗಳಲ್ಲಿ ವಿನ್ಯಾಸ ಮತ್ತು ತಯಾರಿಕೆ ಎರಡನ್ನೂ ಒಂದೇ ಮಾಡಿಬಿಡುತ್ತಾರೆ, ಅವು ಬೇರೆ ಬೇರೆ.

ಸಿ-ಡ್ಯಾಕ್ ಸಂಸ್ಥೆಯ ವೇಗಾ ಸರಣಿಯೂ ರಿಸ್ಕ್-ಫೈವ್ ಕುಟುಂಬದ್ದೇ. ಅದರ ತೇಜಸ್32 ಚಿಪ್ ಇರುವ ಏರೀಸ್ ಬೋರ್ಡ್‌ಗಳು ವಿದ್ಯಾರ್ಥಿಗಳ ಕೈಗೆ ಸಿಗುತ್ತವೆ. ಅದರೊಳಗಿನ ಮೆಮೊರಿ 256 ಕೆಬಿ. ಸೆನ್ಸರ್, ಮೋಟಾರ್ ನಿಯಂತ್ರಣ ಕಲಿಯಲು ಒಳ್ಳೆಯದು, ಲಿನಕ್ಸ್ ನಡೆಸಲು ಮಾತ್ರ ಸಾಲದು. ಕೊಳ್ಳುವ ಮುನ್ನ 'ಇದು ಲಿನಕ್ಸ್ ನಡೆಸುವ ಬೋರ್ಡೋ, ಮೈಕ್ರೊಕಂಟ್ರೋಲರ್ ಬೋರ್ಡೋ' ಎಂದು ಕೇಳಿ. ಎರಡನ್ನೂ ಗೊಂದಲ ಮಾಡಿಕೊಂಡರೆ ದುಡ್ಡು ಹೋದ ಮೇಲೆ ಗೊತ್ತಾಗುತ್ತದೆ.

ನೀವು ಏನು ಮಾಡಬಹುದು?

ಡೌನ್‌ಲೋಡ್ ಮಾಡುವಾಗ ಹೆಸರು ನೋಡಿ. ಎಎಂಡಿ64, ಎಕ್ಸ್64, ಎಕ್ಸ್86-64 ಮೂರೂ ಒಂದೇ. ಎಎಂಡಿ64 ಎಂದರೆ ಎಎಂಡಿ ಕಂಪನಿಯ ಚಿಪ್‌ಗೆ ಮಾತ್ರ ಎಂದಲ್ಲ, ಇಂಟೆಲ್‌ಗೂ ಅದೇ. ಆ 64 ಬಿಟ್ ವಿಸ್ತರಣೆಯನ್ನು ಮೊದಲು ತಂದದ್ದು ಎಎಂಡಿ ಆದ್ದರಿಂದ ಹೆಸರು ಉಳಿದಿದೆ. ಆರ್ಮ್64 ಮತ್ತು ಎಆರ್ಚ್64 ಒಂದೇ. ಆರ್ಮ್‌ಎಚ್‌ಎಫ್ ಎಂದರೆ 32 ಬಿಟ್ ಆರ್ಮ್. ಐ386, ಐ686 ಎಂದರೆ ಹಳೆಯ 32 ಬಿಟ್ ಪಿಸಿ.

ನಿಮ್ಮ ಯಂತ್ರ ಯಾವುದೆಂದು ತಿಳಿಯಿರಿ. ಲಿನಕ್ಸ್ ಟರ್ಮಿನಲ್‌ನಲ್ಲಿ ಯು, ಎನ್, ಎ, ಎಂ, ಇ ಎಂಬ ಐದು ಸಣ್ಣ ಇಂಗ್ಲಿಷ್ ಅಕ್ಷರ ಒತ್ತಿ, ಒಂದು ಜಾಗ ಬಿಟ್ಟು, ಅಡ್ಡಗೆರೆ ಮತ್ತು ಸಣ್ಣ ಎಂ ಹಾಕಿ ಎಂಟರ್ ಒತ್ತಿದರೆ ಉತ್ತರ ಬರುತ್ತದೆ. ಫೋನ್‌ನಲ್ಲಿ ಪ್ಲೇಸ್ಟೋರ್‌ನ ಸಿಪಿಯು-ಝಡ್‌ನಂಥ ಆ್ಯಪ್ ಸಾಕು.

ಹಳೆಯ ಪಿಸಿಯನ್ನು ಎಸೆಯುವ ಮುನ್ನ ಪರೀಕ್ಷಿಸಿ. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಇದನ್ನು ಕೇಳಿ 'ಶಾಲೆಯ ಹಳೆಯ ಕಂಪ್ಯೂಟರೆಲ್ಲ ಇನ್ನು ಕಸ' ಎಂದುಕೊಳ್ಳಬೇಡಿ. ಎಷ್ಟೋ ಪಿಸಿಗಳಲ್ಲಿ ಚಿಪ್ 64 ಬಿಟ್‌ನದ್ದೇ ಇದ್ದು, ಹಾಕಿದ ವಿಂಡೋಸ್ ಮಾತ್ರ 32 ಬಿಟ್ ಇರುತ್ತದೆ. ಔರಾದಿನ ಯಾವುದೋ ಶಾಲೆಯ ಮೂಲೆಯಲ್ಲಿ ಧೂಳು ಹಿಡಿದ ಪಿಸಿಗೆ 64 ಬಿಟ್ ಹಗುರ ಲಿನಕ್ಸ್ ಹಾಕಿದರೆ ಮಕ್ಕಳು ಅದರಲ್ಲಿ ಕನ್ನಡ ಟೈಪಿಂಗ್ ಕಲಿಯಬಹುದು. ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ ನಡೆಸಿ ನೋಡಿದರೆ ಹಳೆಯ ವಿಂಡೋಸ್‌ಗೂ ಕಡತಗಳಿಗೂ ತೊಂದರೆಯಿಲ್ಲ.

ಫೋನ್‌ನಲ್ಲಿ ಆ್ಯಪ್ ಕೂರದಿದ್ದರೆ ಗುಂಪಿನಲ್ಲಿ ಬಂದ ಎಪಿಕೆ ಹುಡುಕಬೇಡಿ. 'ಈ ಸಾಧನಕ್ಕೆ ಹೊಂದುವುದಿಲ್ಲ' ಎಂದು ಪ್ಲೇಸ್ಟೋರ್ ಹೇಳಿದರೆ ಚಿಪ್ ಅಥವಾ ಆಂಡ್ರಾಯ್ಡ್ ಆವೃತ್ತಿ ಹೊಂದದಿರಬಹುದು. 'ಎಲ್ಲ ಫೋನ್‌ಗೂ ನಡೆಯುವ ಎಪಿಕೆ' ಎಂದು ಬರುವ ಕಡತದೊಳಗೆ ಏನಿದೆ ಎಂದು ಕಳಿಸಿದವರಿಗೂ ಗೊತ್ತಿರುವುದಿಲ್ಲ. ಬ್ಯಾಂಕ್ ಆ್ಯಪ್ ಇರುವ ಫೋನ್‌ನಲ್ಲಿ ಈ ಪ್ರಯೋಗ ಬೇಡ.

ಚಿಪ್ ಒಂದೇ ಆದರೂ ಸಾಲದು ಎಂಬುದು ನೆನಪಿರಲಿ. ಫೋನ್ ಮತ್ತು ರಾಸ್‌ಬೆರ್ರಿ ಪೈ ಎರಡರಲ್ಲೂ ಆರ್ಮ್ ಇದೆ, ಎರಡರಲ್ಲೂ ಲಿನಕ್ಸ್ ಕರ್ನಲ್ ಇದೆ. ಆದರೂ ಪೈನ ಪ್ರೋಗ್ರಾಂ ಫೋನ್‌ನಲ್ಲಿ ನೇರವಾಗಿ ನಡೆಯದು, ಕರ್ನಲ್ ಮೇಲಿನ ಲೈಬ್ರರಿಗಳು ಬೇರೆ.

ಕೊನೆಯಲ್ಲಿ

ಮೂರು ಮಾತುಗಳಿಗೆ ಉತ್ತರ ಇಷ್ಟು. ಲಿನಕ್ಸ್ ಬಹಳಷ್ಟು ಚಿಪ್‌ಗಳಲ್ಲಿ ನಡೆಯುತ್ತದೆ, ಆದರೆ ಒಂದು ಚಿಪ್‌ಗೆ ಕಟ್ಟಿದ ಕಡತ ಇನ್ನೊಂದರಲ್ಲಿ ನೇರವಾಗಿ ನಡೆಯುವುದಿಲ್ಲ. ಪ್ರೋಗ್ರಾಂ ತೆರೆಯದಿದ್ದರೆ ಬೋರ್ಡ್ ನಕಲಿ ಎಂದಲ್ಲ. ವಿಕ್ರಮ್ ಚಿಪ್ ನಿಜ, ಅದು ನಿಮ್ಮ ಮುಂದಿನ ಫೋನ್‌ಗೆ ಬರುತ್ತದೆಂಬುದು ನಿಜವಲ್ಲ.

ಹೊಸ ಚಿಪ್ ಬಂದಾಗ 'ಎಷ್ಟು ವೇಗ' ಎಂದು ಎಲ್ಲರೂ ಕೇಳುತ್ತಾರೆ. 'ಇದಕ್ಕೆ ಬೇಕಾದ ಸಾಫ್ಟ್‌ವೇರ್‌ನ ಸೋರ್ಸ್ ಕೋಡ್ ಸಿಗುತ್ತದೆಯೇ, ಅದನ್ನು ಕಟ್ಟಲು ಕಲಿತವರು ನಮ್ಮಲ್ಲಿದ್ದಾರೆಯೇ' ಎಂಬ ಪ್ರಶ್ನೆಯನ್ನೂ ಜೊತೆಗೆ ಕೇಳಿ. ಆ ಕಲಿಕೆಗೆ ಬೆಂಗಳೂರಿಗೇ ಹೋಗಬೇಕಿಲ್ಲ. ಭಾಲ್ಕಿಯ ಹಾಸ್ಟೆಲ್ ಕೋಣೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ಕ್ಯೂಇಎಂಯು ಇದ್ದರೆ ಇವತ್ತು ರಾತ್ರಿಯೇ ಶುರು ಮಾಡಬಹುದು.

ಮುಂದಿನ ಸಲ ಚಿಪ್ ಬಗ್ಗೆ ಫಾರ್ವರ್ಡ್ ಬಂದರೆ, ಕಳಿಸುವ ಮುನ್ನ ಒಂದೇ ಮಾತು ಕೇಳಿ: ಅದು ಯಾವ ಕೆಲಸಕ್ಕೆ ಮಾಡಿದ ಚಿಪ್? ಉತ್ತರ ಆ ಸಂದೇಶದಲ್ಲಿ ಇಲ್ಲದಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ.